ಬೆಟ್ಟು, ಮಜಲು, ಬೈಲು: ಒಂದೇ ಜಾಗದಲ್ಲಿ ನಾಲ್ಕು ಮಣ್ಣು

ಶಾಲೆಯ ಭೂಗೋಳ ಪುಸ್ತಕದಲ್ಲಿ ಕರ್ನಾಟಕದ ಮಣ್ಣಿನ ನಕ್ಷೆಯೊಂದು ಇರುತ್ತದೆ. ಉತ್ತರಕ್ಕೆ ಕಪ್ಪು, ದಕ್ಷಿಣಕ್ಕೆ ಕೆಂಪು, ಘಟ್ಟ ಇಳಿದರೆ ಜಂಬಿಟ್ಟಿಗೆ, ಕಡಲ ಅಂಚಿನಲ್ಲಿ ಗೆರೆ ಎಳೆದಷ್ಟು ಮೆಕ್ಕಲು. ಪರೀಕ್ಷೆ ಬರೆಯುವುದಕ್ಕೆ ಅಷ್ಟು ಸಾಕು, ಸಸಿ ನೆಡುವುದಕ್ಕೆ ಸಾಲದು. ಬಂಟ್ವಾಳದ ಕಡೆಯೋ ಹೆಬ್ರಿಯ ಕಡೆಯೋ ನಾಲ್ಕು ಎಕರೆ ಜಾಗ ಇರುವವರು ಗುಡ್ಡದ ನೆತ್ತಿಯಿಂದ ತೋಡಿನ (ಸಣ್ಣ ಹಳ್ಳದ) ಬದಿಗೆ ಒಮ್ಮೆ ನಡೆದು ಇಳಿಯಲಿ. ಮೇಲೆ ಅಂಗಾಲಿಗೆ ಚುಚ್ಚುವ ಮುರಕಲ್ಲು (ಜಂಬಿಟ್ಟಿಗೆ), ನಡುವೆ ಹರಳು ಬೆರೆತ ಕೆಂಪು ಮಣ್ಣು, ಇನ್ನೂ ಕೆಳಗೆ ಕಂದು ಬಣ್ಣದ ಗೋಡು, ತೋಡಿನ ಹತ್ತಿರ ಬೂದು ಕೆಸರು. ನಕ್ಷೆಯಲ್ಲಿ ಇವೆಲ್ಲಕ್ಕೂ ಒಂದೇ ಬಣ್ಣ.

ದಕ್ಷಿಣ ಕನ್ನಡ ಮತ್ತು ಉಡುಪಿಯಲ್ಲಿ ಮಣ್ಣಿನ ಹೆಸರಿಗಿಂತ ಅದು ಇಳಿಜಾರಿನಲ್ಲಿ ಎಲ್ಲಿ ಕುಳಿತಿದೆ ಎನ್ನುವುದೇ ಬೆಳೆಯನ್ನು ನಿರ್ಧರಿಸುತ್ತದೆ. ಇಲ್ಲಿನ ಹಿರಿಯರು ಗದ್ದೆಗಳನ್ನು ಬಣ್ಣ ನೋಡಿ ವಿಂಗಡಿಸಲಿಲ್ಲ, ನೀರು ನೋಡಿ ವಿಂಗಡಿಸಿದರು. ಮಳೆ ನಿಂತ ಕೂಡಲೇ ಒಣಗುವ ಎತ್ತರದ ಗದ್ದೆ ಬೆಟ್ಟು. ಒಂದಷ್ಟು ಕಾಲ ತೇವ ಹಿಡಿದಿಡುವ ನಡುವಿನದು ಮಜಲು. ತೋಡಿನ ಮಗ್ಗುಲಲ್ಲಿ ಬೇಸಿಗೆಯವರೆಗೂ ಪಸೆ ಆರದ್ದು ಬೈಲು. ಬೆಟ್ಟಿನಲ್ಲಿ ಏಣೆಲು (ಮಳೆಗಾಲದ ಭತ್ತ) ಒಂದೇ ಬೆಳೆ, ಮಜಲಿನಲ್ಲಿ ಏಣೆಲಿನ ಮೇಲೆ ಸುಗ್ಗಿ (ಎರಡನೆಯ ಬೆಳೆ), ಬೈಲಿನಲ್ಲಿ ಇವೆರಡೂ ಮುಗಿದ ಮೇಲೆ ಕೊಳಕೆ (ಬೇಸಿಗೆಯ ಮೂರನೆಯ ಬೆಳೆ). ಮಣ್ಣಿನ ಪ್ರಯೋಗಾಲಯವೇ ಇಲ್ಲದ ಕಾಲದಲ್ಲಿ ಮಾಡಿದ ಈ ವಿಂಗಡಣೆ ಇಂದಿಗೂ ನಕ್ಷೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಮಳೆ ತೊಳೆದು ಉಳಿಸಿದ್ದು

ಮೊದಲು ಮುರಕಲ್ಲಿನ ವಿಚಾರ, ಏಕೆಂದರೆ ಉಳಿದ ಮಣ್ಣುಗಳ ಗುಣದೋಷ ಹೊರಡುವುದು ಇಲ್ಲಿಂದಲೇ. ನಮ್ಮ ಕರಾವಳಿಯ ಅಡಿಯಲ್ಲಿರುವುದು ಬಹುಮಟ್ಟಿಗೆ ಗ್ರಾನೈಟ್ ಮತ್ತು ನೈಸ್ ಶಿಲೆ. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ ಗೊಮ್ಮಟ ಆ ಜಾತಿಯ ಗಟ್ಟಿ ಕಲ್ಲು. ಇಂಥ ಕಲ್ಲಿನ ಮೇಲೆ ಲಕ್ಷಾಂತರ ವರ್ಷಗಳ ಕಾಲ ನಾಲ್ಕು ತಿಂಗಳು ಜಡಿಮಳೆ, ಉಳಿದ ತಿಂಗಳು ಸುಡುಬಿಸಿಲು ಸರದಿಯ ಮೇಲೆ ಬಿದ್ದರೆ ಆಗುವುದೇ ಜಂಬಿಟ್ಟಿಗೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ, ವಿಜಯಪುರದಲ್ಲಿ 600ರ ಆಸುಪಾಸು. ಇಷ್ಟು ನೀರು ಇಳಿಯುವಾಗ ಕಲ್ಲಿನಿಂದ ಬಿಡುಗಡೆಯಾದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್ ಮೊದಲು ಕರಗಿ ಹೊಳೆ ಸೇರುತ್ತವೆ. ಸಿಲಿಕಾ ನಿಧಾನವಾಗಿ ಹಿಂಬಾಲಿಸುತ್ತದೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ನೀರಿಗೆ ಸುಲಭವಾಗಿ ಕರಗದೆ ನಿಂತಲ್ಲೇ ನಿಂತು, ಗಾಳಿಗೆ ತುಕ್ಕು ಹಿಡಿದು ಕೆಂಪಾಗುತ್ತವೆ. ಒಂದೇ ಚಹಾಪುಡಿಯನ್ನು ಮತ್ತೆ ಮತ್ತೆ ಕುದಿಸಿದರೆ ಕೊನೆಗೆ ಉಳಿಯುವ ಚರಟದ ಹಾಗೆ ಇದು. ಕಡು ಕೆಂಪು ಮಣ್ಣು ಕಂಡ ಕೂಡಲೇ ‘ಒಳ್ಳೆ ಫಲವತ್ತಾದ ಮಣ್ಣು’ ಎನ್ನುವವರು ಇದ್ದಾರೆ. ಆ ಕೆಂಪು ಫಲವತ್ತತೆಯದ್ದಲ್ಲ, ಕಬ್ಬಿಣದ್ದು.

ಕೆಂಪುಕಲ್ಲಿನ ಕೋರೆಯಲ್ಲಿ ಕಡಿದ ಗೋಡೆಯ ಮುಂದೆ ನಿಂತು ನೋಡಿದರೆ ಈ ತೊಳೆತ ಪದರ ಪದರವಾಗಿ ಕಾಣಿಸುತ್ತದೆ. ತುದಿಯಲ್ಲಿ ಒಂದು ಗೇಣು ಮಣ್ಣು, ಹುಲ್ಲಿನ ಬೇರು. ಅದರ ಕೆಳಗೆ ಕಪ್ಪು ಮಿಶ್ರಿತ ಕಂದು ಬಣ್ಣದ ಗಟ್ಟಿ ಹೊದಿಕೆ, ಪಿಕಾಸಿ ಹೊಡೆದರೆ ಕೈ ನಡುಗುತ್ತದೆ. ಆಮೇಲೆ ತೂತು ತೂತಾದ ಕಲ್ಲು. ತೂತುಗಳ ಒಳಗೆ ಹಳದಿ ಜೇಡಿ ತುಂಬಿಕೊಂಡಿರುತ್ತದೆ. ಮನೆ ಕಟ್ಟಲು ಕಡಿಯುವುದು ಈ ಪದರವನ್ನು. ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. 1800–01ರಲ್ಲಿ ಆಗಿನ ಕನ್ನಡ (ಕೆನರಾ) ಜಿಲ್ಲೆ, ಮಲಬಾರುಗಳಲ್ಲಿ ಸುತ್ತಾಡಿದ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಗಮನಿಸಿದ್ದು ಈ ಗುಣವನ್ನೇ. ಕೇರಳದ ಅಂಗಾಡಿಪುರದಲ್ಲಿ ಕಂಡ ಕಲ್ಲಿಗೆ ಅವನು 1807ರಲ್ಲಿ ಕೊಟ್ಟ ‘ಲ್ಯಾಟರೈಟ್’ ಎಂಬ ಹೆಸರನ್ನೇ ಇಂದು ಜಗತ್ತಿನ ಎಲ್ಲ ಕಡೆ ಬಳಸುತ್ತಾರೆ. ಇನ್ನೂ ಕೆಳಗೆ ಕೆಂಪು, ಹಳದಿ, ಬಿಳಿ ಕಲಸಿದ ಮಚ್ಚೆ ಮಚ್ಚೆಯ ಪದರ. ಎಲ್ಲಕ್ಕಿಂತ ಅಡಿಯಲ್ಲಿ ಶೇಡಿ ಮಣ್ಣು. ಬಿಳಿ, ಕೆಲವೆಡೆ ತಿಳಿಗುಲಾಬಿ. ಒಣಗಿದ್ದಾಗ ಬೆರಳ ಸಂದಿಯಲ್ಲಿ ಪೌಡರಿನಷ್ಟು ನಯ, ಒದ್ದೆಯಾದರೆ ಜಾರುತ್ತದೆ.

ಮುರಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ಬಂದು ತಡೆಯುತ್ತದೆ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಸುರಂಗ ಕೊರೆದು ನೀರು ಹರಿಸಿಕೊಳ್ಳುವ ನಮ್ಮ ಪದ್ಧತಿ ನಿಂತಿರುವುದು ಈ ಒಂದು ಸಂಗತಿಯ ಮೇಲೆ. 2022ರಲ್ಲಿ ಪದ್ಮಶ್ರೀ ಪಡೆದ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಬೋಳುಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದು ಅಡಿಕೆ ತೋಟ ಎಬ್ಬಿಸಿದ್ದು ಹೀಗೆ. ಅದೇ ಶೇಡಿ ಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ. ಗುಡ್ಡವನ್ನು ನೆಟ್ಟಗೆ ಕಡಿದ ಕಡೆಗಳಲ್ಲಿ ಮೇಲಿನ ಗಟ್ಟಿ ಕಲ್ಲೂ ಸೇರಿ ಕುಸಿಯುವುದಕ್ಕೆ ಇದೊಂದು ದೊಡ್ಡ ಕಾರಣ.

ಕೊಟ್ಟ ಗೊಬ್ಬರ ಎಲ್ಲಿ ಹೋಗುತ್ತದೆ

ಗೊಬ್ಬರವನ್ನು ಹಿಡಿದಿಟ್ಟುಕೊಳ್ಳುವುದು ಮಣ್ಣಿನ ಜೇಡಿಯ ಕಣಗಳು. ಆದರೆ ಎಲ್ಲ ಜೇಡಿಯೂ ಒಂದೇ ಅಲ್ಲ. ಗಟ್ಟದ ಮೇಲಿನ ಕಪ್ಪು ಮಣ್ಣಿನಲ್ಲಿರುವುದು ಮಾಂಟ್‌ಮೊರಿಲೊನೈಟ್ ಜಾತಿಯದ್ದು. ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ, ಪೋಷಕಾಂಶವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದರ ಹಿಡಿತದ ಅಳತೆ 100 ಗ್ರಾಂ ಜೇಡಿಗೆ 80ರಿಂದ 120 ಮಿಲಿ ಈಕ್ವಿವೆಲೆಂಟ್. ನಮ್ಮಲ್ಲಿರುವ ಕೆಯೊಲಿನೈಟ್ ಜೇಡಿಯದ್ದು 3ರಿಂದ 15. ಹಾಗಾಗಿ ಜೂನ್ ತಿಂಗಳ ಜಡಿಮಳೆಗೆ ಮುಂಚೆ ಒಂದೇ ಸಲಕ್ಕೆ ಸುರಿದ ಯೂರಿಯಾ, ಪೊಟ್ಯಾಷ್‌ಗಳಲ್ಲಿ ಹೆಚ್ಚಿನ ಪಾಲು ಅಡಿಕೆ ಮರಕ್ಕಿಂತ ಮೊದಲು ನೇತ್ರಾವತಿಗೆ ಸೇರುತ್ತದೆ. ಕಂತಿನಲ್ಲಿ ಕೊಡಿ ಎಂದು ಕೃಷಿ ವಿಜ್ಞಾನಿಗಳು ಹೇಳುವುದು ಇದಕ್ಕೇ.

ರಂಜಕದ ಕಷ್ಟ ಬೇರೆಯೇ. ಅದು ತೊಳೆದು ಹೋಗುವುದಿಲ್ಲ, ಸೆರೆ ಸಿಕ್ಕುತ್ತದೆ. ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ರಂಜಕವನ್ನು ಕಚ್ಚಿ ಹಿಡಿದು ಬೇರಿಗೆ ದಕ್ಕದಂತೆ ಮಾಡುತ್ತವೆ. ಇಲ್ಲಿನ ಮಣ್ಣಿನ ರಸಸಾರ (pH) ಸಾಮಾನ್ಯವಾಗಿ 5ರಿಂದ 6ರ ನಡುವೆ, ಕೆಲವೆಡೆ ಇನ್ನೂ ಕಡಿಮೆ. 7 ತಟಸ್ಥ. ಈ ಅಳತೆಯಲ್ಲಿ ಒಂದು ಅಂಕೆ ಇಳಿದರೆ ಹುಳಿ ಹತ್ತು ಪಟ್ಟು ಏರಿದಂತೆ, ಎಂದರೆ 5 ಎನ್ನುವುದು 7ಕ್ಕಿಂತ ನೂರು ಪಟ್ಟು ಹುಳಿ. ಇಂಥಲ್ಲಿ ದುಬಾರಿ ಸೂಪರ್ ಫಾಸ್ಫೇಟಿಗಿಂತ ನಿಧಾನವಾಗಿ ಕರಗುವ ಶಿಲಾರಂಜಕ ವಾಸಿ. ಹುಳಿಯೇ ಅದನ್ನು ಅಷ್ಟಷ್ಟಾಗಿ ಕರಗಿಸಿ ಕೊಡುತ್ತದೆ. ಕಪ್ಪು ಮಣ್ಣಿನಲ್ಲಿ ಅದೇ ಶಿಲಾರಂಜಕ ವರ್ಷಗಟ್ಟಲೆ ಕಲ್ಲಾಗಿಯೇ ಬಿದ್ದಿರುತ್ತದೆ.

ಮೊಬೈಲಿನಲ್ಲಿ ಬರುವ ಕೃಷಿ ಸಲಹೆಗಳ ಬಗ್ಗೆ ನನಗಿರುವ ತಕರಾರು ಇಲ್ಲಿಂದಲೇ ಶುರುವಾಗುತ್ತದೆ. ಕಪ್ಪು ಮಣ್ಣಿನವರು ತಮ್ಮ ಹೊಲಕ್ಕೆ ಸರಿಯಾಗಿಯೇ ಹೇಳಿದ್ದನ್ನು ಇಲ್ಲಿನವರು ತಮ್ಮ ತೋಟಕ್ಕೆ ತಂದು ಸುರಿಯುತ್ತಾರೆ. ಅಲ್ಲಿ ಕಬ್ಬಿಣದ ಕೊರತೆ, ಇಲ್ಲಿ ಕಬ್ಬಿಣದ ಕಾಟ. ಅಲ್ಲಿ ಕ್ಷಾರ ಇಳಿಸಲು ಜಿಪ್ಸಂ ಹಾಕುತ್ತಾರೆ, ಇಲ್ಲಿ ಹುಳಿ ಇಳಿಸಲು ಬೇಕಿರುವುದು ಸುಣ್ಣ. ಎರಡರಲ್ಲೂ ಕ್ಯಾಲ್ಸಿಯಂ ಇದೆ ನಿಜ, ಆದರೆ ಜಿಪ್ಸಂ ಮಣ್ಣಿನ ಹುಳಿಯನ್ನು ತೆಗೆಯುವುದಿಲ್ಲ. ಡೋಲೊಮೈಟ್ ಆದರೆ ಸುಣ್ಣದ ಜತೆ ಮೆಗ್ನೀಷಿಯಮ್ಮನ್ನೂ ಕೊಡುತ್ತದೆ, ನಮ್ಮ ಮಣ್ಣಿಗೆ ಎರಡೂ ಬೇಕು. ಸುಣ್ಣವನ್ನು ಯೂರಿಯಾದ ಜತೆಗೆ ಹಾಕಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಆದ್ದರಿಂದ ನಡುವೆ ಎರಡು ಮೂರು ವಾರಗಳ ಅಂತರ ಇರಬೇಕು.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್, ಜತೆಗೆ ಹಸಿರೆಲೆ ಮತ್ತು ಕಾಂಪೋಸ್ಟ್ ತಲಾ 12 ಕಿಲೋ ಎಂಬುದು ಶಿಫಾರಸು. ತೆಂಗಿಗೆ ಇದೇ ಕ್ರಮದಲ್ಲಿ 500, 320, 1,200 ಗ್ರಾಂ. ಎರಡರಲ್ಲೂ ಪೊಟ್ಯಾಷ್ ಮುಂದಿದೆ. ಮರಕ್ಕೂ ಅದು ಹೆಚ್ಚು ಬೇಕು, ಮಣ್ಣಿನಲ್ಲೂ ಅದು ನಿಲ್ಲುವುದಿಲ್ಲ. ಈ ಲೆಕ್ಕದಲ್ಲಿ ಜನ ಕೈಬಿಡುವುದು ಕೊನೆಯ 12 ಕಿಲೋಗಳನ್ನು, ಏಕೆಂದರೆ ಸೊಪ್ಪು ಕಡಿದು ಹೊರುವುದಕ್ಕೆ ಆಳು ಸಿಗುವುದಿಲ್ಲ. ಆದರೆ ಜೇಡಿಗೆ ಹಿಡಿತ ಇಲ್ಲದ ಮಣ್ಣಿನಲ್ಲಿ ಗೊಬ್ಬರ ಹಿಡಿದಿಡುವ ಕೆಲಸವನ್ನು ಮಾಡುವುದು ಕೊಳೆತ ಸೊಪ್ಪು ತರಗೆಲೆಗಳೇ. ಹಳೆಯ ವರ್ಗದ (ಪಟ್ಟಾ) ಜಾಗಗಳಿಗೆ 450 ಗಜದೊಳಗಿನ ಸರ್ಕಾರಿ ಭೂಮಿಯಲ್ಲಿ ಸೊಪ್ಪು, ಮೇವು ತೆಗೆಯುವ ಕುಮ್ಕಿ ಹಕ್ಕು ಕೊಟ್ಟದ್ದರ ಹಿಂದೆ ಇದೇ ಲೆಕ್ಕಾಚಾರ ಇತ್ತು. ಕುಮ್ಕಿ ಇಂದು ಕಡತದ ಜಗಳವಾಗಿದೆ, ಒಂದು ಕಾಲದಲ್ಲಿ ಅದು ಗೊಬ್ಬರದ ಗುಡ್ಡ.

ನೆತ್ತಿಯಿಂದ ತೋಡಿಗೆ

ಹೊದಿಕೆ ಕಲ್ಲು ಬರಿದಾಗಿರುವ ಪದವಿನಲ್ಲಿ (ಗುಡ್ಡದ ಮೇಲಿನ ಬಯಲಿನಲ್ಲಿ) ಹುಲ್ಲು ಬಿಟ್ಟು ಬೇರೇನೂ ಸುಲಭಕ್ಕೆ ಬರುವುದಿಲ್ಲ. ಸ್ವಲ್ಪ ಮಣ್ಣಿದ್ದರೆ ಗೇರು ಬರುತ್ತದೆ. ಪೋರ್ಚುಗೀಸರ ಜತೆ ಬಂದ ಈ ಮರ ಕಲ್ಲಿನ ಬಿರುಕಿನಲ್ಲಿ ಬೇರು ಇಳಿಸುವುದರಲ್ಲಿ ನಿಸ್ಸೀಮ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ ಇಲ್ಲಿ ನೆಲೆಯೂರಿದ್ದು ಆಕಸ್ಮಿಕವಲ್ಲ. ಆದರೆ ‘ಗೇರಿಗೆ ಯಾವ ಮಣ್ಣಾದರೂ ಸಾಕು’ ಎನ್ನುವ ಮಾತು ಅರ್ಧ ಸುಳ್ಳು. ಗೇರು ಬಡ ಮಣ್ಣನ್ನು ಸಹಿಸುತ್ತದೆ, ನೀರು ನಿಲ್ಲುವುದನ್ನು ಸಹಿಸುವುದಿಲ್ಲ.

ಇಳಿಜಾರಿನ ಕೆಂಪು ಮಣ್ಣು ರಬ್ಬರ್, ಅನಾನಸು, ಕಾಳುಮೆಣಸಿಗೆ ಹೇಳಿ ಮಾಡಿಸಿದ್ದು. ಹುಳಿಯ ಬಗ್ಗೆ ಅವುಗಳಿಗೆ ಅಷ್ಟು ದೂರಿಲ್ಲ. ತೆಂಗು ಇಡುವುದಾದರೆ ಗುಂಡಿ ದೊಡ್ಡದಿರಬೇಕು. ಕಲ್ಲು ಹೆಚ್ಚಿರುವಲ್ಲಿ ಉದ್ದ, ಅಗಲ, ಆಳ ತಲಾ 1.2 ಮೀಟರ್. ಅದರ ತಳಕ್ಕೆ ಸಸಿ ಇಡುವ ಆರು ತಿಂಗಳು ಮೊದಲು 2 ಕಿಲೋ ಅಡುಗೆ ಉಪ್ಪು ಹಾಕುತ್ತಾರೆ, ಮುರಕಲ್ಲು ಸಡಿಲವಾಗಲಿ ಎಂದು. ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ ಕೃಷಿ ನಡೆಯುವುದೂ ಇಂಥದೇ ಕೆಂಪು ನೆಲದಲ್ಲಿ. ಸುಡುಮಣ್ಣು, ಹಟ್ಟಿಗೊಬ್ಬರ ಕೊಟ್ಟು ಗಿಡವನ್ನು ಸಾಕಬೇಕು. ಸುಡುಮಣ್ಣಿನ ಬೂದಿ ಹುಳಿಯನ್ನು ತುಸು ಇಳಿಸುತ್ತದೆ, ಪೊಟ್ಯಾಷನ್ನೂ ಕೊಡುತ್ತದೆ.

ಬೈಲಿನ ಮಣ್ಣಿನ ಕಥೆ ಹೆಚ್ಚು ಸ್ವಾರಸ್ಯದ್ದು. ಗುಡ್ಡ ಕಳೆದುಕೊಂಡ ಮಣ್ಣು, ಪೋಷಕಾಂಶಗಳಲ್ಲಿ ಒಂದು ಪಾಲು ಬಂದು ಕೂರುವುದು ಇಲ್ಲಿ. ಹಾಗಾಗಿ ಬೈಲು ಸಾರವತ್ತು. ಇನ್ನೊಂದು ಅನುಕೂಲವೂ ಇದೆ. ಗದ್ದೆಗೆ ನೀರು ಕಟ್ಟಿದ ಕೆಲವು ವಾರಗಳಲ್ಲಿ ಹುಳಿ ಮಣ್ಣಿನ ರಸಸಾರ ತಾನಾಗಿ 6.5ರ ಹತ್ತಿರಕ್ಕೆ ಏರುತ್ತದೆ, ಸೆರೆಯಲ್ಲಿದ್ದ ರಂಜಕವೂ ಸ್ವಲ್ಪ ಬಿಡುಗಡೆಯಾಗುತ್ತದೆ. ಇಷ್ಟು ಹುಳಿ ನೆಲದಲ್ಲಿ ಸುಣ್ಣ ಕಾಣದೆಯೂ ಭತ್ತ ಬಂದದ್ದು ಇದರಿಂದ. ಆದರೆ ನೀರಿನಡಿ ಗಾಳಿ ಇಲ್ಲದಾಗ ಕಬ್ಬಿಣವೂ ಕರಗುತ್ತದೆ. ಗುಡ್ಡದ ಬುಡದ ಗದ್ದೆಯಲ್ಲಿ, ಒಸರು ನೀರು ಬರುವ ಮೂಲೆಯಲ್ಲಿ ಬಗ್ಗಿ ನೋಡಿ. ನೀರಿನ ಮೇಲೆ ಎಣ್ಣೆ ಚೆಲ್ಲಿದಂಥ ಬಣ್ಣಬಣ್ಣದ ಕೆನೆ, ಅಡಿಯಲ್ಲಿ ಕಿತ್ತಳೆ ಬಣ್ಣದ ಲೋಳೆ. ಬೆರಳಿನಿಂದ ಮುಟ್ಟಿದರೆ ಆ ಕೆನೆ ಚೂರು ಚೂರಾಗಿ ಒಡೆಯುತ್ತದೆ. ನಿಜವಾದ ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಒಡೆದರೆ ಅದು ಕಬ್ಬಿಣದ್ದು, ಪಕ್ಕದ ಪಂಪ್‌ಸೆಟ್ಟಿನ ಡೀಸೆಲ್ ಅಲ್ಲ. ಅಲ್ಲಿನ ಪೈರಿನ ಕೆಳಗಿನ ಎಲೆಗಳಲ್ಲಿ ತುದಿಯಿಂದ ಕಂದು ಚುಕ್ಕೆ ಹಬ್ಬಿ ಇಡೀ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಬೇರು ಕಿತ್ತರೆ ತುಕ್ಕು ಮೆತ್ತಿರುತ್ತದೆ. ರೋಗವೆಂದು ಔಷಧಿ ಹೊಡೆಯುವವರು ಬಹಳ. ಮಾಡಬೇಕಾದದ್ದು ಒಸರನ್ನು ಕಣಿ ತೋಡಿ ಬೇರೆ ಕಡೆ ತಿರುಗಿಸುವುದು, ನಡುವೆ ಕೆಲವು ದಿನ ನೀರು ಬಸಿದು ಗದ್ದೆಗೆ ಗಾಳಿ ಕೊಡುವುದು, ಪೊಟ್ಯಾಷ್ ಕಡಿಮೆಯಾಗದಂತೆ ನೋಡಿಕೊಳ್ಳುವುದು. ನೆರೆ ನಿಲ್ಲುವ ಬೈಲುಗಳಿಗೆಂದೇ ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದ ಬಂದ ‘ಸಹ್ಯಾದ್ರಿ ಪಂಚಮುಖಿ’ಯಂಥ ತಳಿಗಳೂ ಇವೆ.

ಬೈಲಿನ ಅಡಿಯ ಜೇಡಿಗೆ ಇನ್ನೊಂದು ಇತಿಹಾಸವೂ ಉಂಟು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆಯೂ ಅದರ ಹಿಂದೆ ಬಂದವೂ ನೇತ್ರಾವತಿ, ಗುರುಪುರ ಹೊಳೆಗಳ ದಡದ ಜೇಡಿಯನ್ನೇ ನಂಬಿದ್ದವು. ಗದ್ದೆಯಲ್ಲಿ ನೀರು ನಿಲ್ಲಿಸುವ ಜೇಡಿಯೇ ಸುಟ್ಟರೆ ಸೂರಿನ ಮೇಲಿನ ನೀರು ಸೋರದಂತೆ ತಡೆಯುತ್ತದೆ.

ಹೊಳೆ ದಡದ ಮೆಕ್ಕಲು ಮಣ್ಣು ನಮ್ಮಲ್ಲಿ ಸ್ವಲ್ಪವೇ. ಘಟ್ಟದಿಂದ ಧುಮುಕಿ ಕೆಲವೇ ಗಂಟೆಗಳಲ್ಲಿ ಕಡಲು ಸೇರುವ ನದಿಗಳಿಗೆ ಮಣ್ಣು ಹರಡಲು ಪುರುಸೊತ್ತಿಲ್ಲ. ಬಂಟ್ವಾಳ, ಪಾಣೆಮಂಗಳೂರಿನ ದಡದಲ್ಲಿ ಸಿಗುವಷ್ಟು ಒಳ್ಳೆಯದೇ, ತೆಂಗು, ಬಾಳೆ, ತರಕಾರಿ ಸೊಗಸಾಗಿ ಬರುತ್ತದೆ. ಆದರೆ 1923 ಮತ್ತು 1974ರ ನೆರೆಗಳನ್ನು ಕೇಳಿ ಬಲ್ಲ ಊರಿಗೆ ಆ ಮಣ್ಣು ಬಿಟ್ಟಿಯಾಗಿ ಬರುವುದಿಲ್ಲ ಎಂದು ಗೊತ್ತು.

ಮರಳು, ಉಪ್ಪು

ಕಡಲ ಬದಿಯ ಮರಳಿಗೆ ಹಿಡಿತ ಇನ್ನೂ ಕಡಿಮೆ. ನೀರು, ಗೊಬ್ಬರ ಎರಡನ್ನೂ ಸ್ವಲ್ಪ ಸ್ವಲ್ಪವಾಗಿ, ಹಲವು ಸಲ ಕೊಡಬೇಕು. ಹಾಗೆ ಕೊಡುವ ತಾಳ್ಮೆ ಇದ್ದರೆ ಇದರಷ್ಟು ಹಗುರಾದ, ಬೇರಿಗೆ ಹಿತವಾದ ನೆಲ ಇನ್ನೊಂದಿಲ್ಲ. ಕುಂದಾಪುರ, ಬೈಂದೂರು ಕಡೆ ಭತ್ತದ ನಂತರ ನೆಲಗಡಲೆ, ಕಲ್ಲಂಗಡಿ ಹಾಕುತ್ತಾರೆ. ನೆಲಗಡಲೆಯ ಕಾಯಿ ಮಣ್ಣೊಳಗೆ ಇಳಿಯಬೇಕು, ಮುರಕಲ್ಲಿನಲ್ಲಿ ಅದು ಸಾಧ್ಯವೇ ಇಲ್ಲ. ಕಟಪಾಡಿ ಬಳಿಯ ಮಟ್ಟುವಿನಲ್ಲಿ ಬೆಳೆಯುವ, 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಮಟ್ಟುಗುಳ್ಳ ಬದನೆಯೂ ಕಡಲಿನ ಪಕ್ಕದ ಇಂಥ ನೆಲದ ಬೆಳೆಯೇ. ಮರಳಿನಲ್ಲಿ ತೆಂಗು ಇಡುವಾಗ ಗುಂಡಿಯ ತಳಕ್ಕೆ ತೆಂಗಿನ ಸಿಪ್ಪೆಯನ್ನು ಒಳಮುಖ ಮೇಲಾಗಿ ಎರಡು ಸಾಲು ಜೋಡಿಸುತ್ತಾರೆ, ನೀರು ಹಿಡಿದಿಡಲು. ಅಲ್ಲಿನ ಬಾವಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುವ ತೆಳು ಪದರ. ದೊಡ್ಡ ಪಂಪಿನಲ್ಲಿ ಎಳೆದರೆ ಉಪ್ಪು ಮೇಲೆ ಬರುತ್ತದೆ.

ಅಳಿವೆಯ ಬದಿಯ ಗದ್ದೆಗಳಲ್ಲಿ ಉಪ್ಪು ಋತುವಿನ ಪ್ರಕಾರ ಬಂದು ಹೋಗುತ್ತದೆ. ಜೂನ್–ಜುಲೈ ಮಳೆ ಅದನ್ನು ತೊಳೆದ ಮೇಲೆ ಏಣೆಲು ಸಲೀಸು. ಮಳೆ ನಿಂತು ಹೊಳೆ ಸೊರಗಿದಾಗ ಭರತದ (ಕಡಲ ಉಬ್ಬರದ) ನೀರು ಮೇಲೇರುತ್ತದೆ. ಅದನ್ನು ತಡೆಯುವ ಕಿಂಡಿ ಅಣೆಕಟ್ಟಿಗೆ ಹಲಗೆ ಹಾಕುವುದು ತಡವಾದರೆ ಸುಗ್ಗಿಯ ಆಸೆ ಬಿಟ್ಟಂತೆಯೇ. ಒಮ್ಮೆ ಒಳಗೆ ಬಂದ ಉಪ್ಪನ್ನು ಹೊರಹಾಕಲು ಮುಂದಿನ ಮಳೆಗಾಲವೇ ಬರಬೇಕು.

ಗುಡ್ಡ ಕಡಿದು ಬೈಲಿಗೆ ತುಂಬಿಸಿದಾಗ

ಈಗೀಗ ಐದನೆಯ ಮಣ್ಣೊಂದು ಸೇರಿಕೊಂಡಿದೆ, ಲಾರಿ ಮಣ್ಣು. ಸೈಟಿಗಾಗಿ ಗುಡ್ಡ ಕಡಿದವರಿಗೆ ಮಣ್ಣು ಸುರಿಯಲು ಜಾಗ ಬೇಕು. ಗದ್ದೆ ಬಿಟ್ಟವರಿಗೆ ಅಡಿಕೆ ಹಾಕಲು ಎತ್ತರ ಬೇಕು. ಇಬ್ಬರಿಗೂ ಲಾಭವೆಂದು ತೋರುತ್ತದೆ. ಆದರೆ ಜೆಸಿಬಿ ಕಡಿದು ತರುವುದು ಹತ್ತು ಹದಿನೈದು ಅಡಿ ಆಳದ ಮಣ್ಣನ್ನು, ಅರ್ಧಕ್ಕರ್ಧ ಶೇಡಿ. ಅದರಲ್ಲಿ ಸೊಪ್ಪು ಕೊಳೆತ ಅಂಶವಿಲ್ಲ, ಜೀವಾಣುಗಳಿಲ್ಲ, ಪೋಷಕಾಂಶವನ್ನು ಮಳೆ ಎಂದೋ ತೊಳೆದಿದೆ. ಮೇಲಾಗಿ ಲಾರಿ ಓಡಾಡಿ ಅದನ್ನು ಒತ್ತಿ ಗಟ್ಟಿ ಮಾಡಿರುತ್ತದೆ. ಹೂಳಿದ್ದು ಆ ಜಾಗದ ಅತಿ ಸಾರವತ್ತಾದ ಮಣ್ಣನ್ನು, ಮೇಲೆ ಹರಡಿದ್ದು ಅತಿ ಬಡ ಮಣ್ಣನ್ನು. ಎರಡು ಮೂರು ವರ್ಷಕ್ಕೆ ಸಸಿಗಳು ಹಳದಿಯಾದಾಗ ನರ್ಸರಿಯವರನ್ನು ಬೈಯುತ್ತಾರೆ. ತುಂಬಿಸದೆ ಆಗದು ಎನ್ನುವುದಾದರೆ ಮೊದಲು ಗದ್ದೆಯ ಮೇಲಿನ ಒಂದು ಅಡಿ ಮಣ್ಣನ್ನು ಕೆರೆದು ಬದಿಗೆ ರಾಶಿ ಹಾಕಿ, ತುಂಬಿಸಿದ ಮೇಲೆ ಅದನ್ನೇ ಮತ್ತೆ ಹರಡಬೇಕು. ಕಣಿಯನ್ನು ತುಂಬಿದ ಮಣ್ಣಿನಷ್ಟೇ ಅಲ್ಲ, ಹಳೆಯ ಗದ್ದೆಯ ಮಟ್ಟಕ್ಕೆ ಇಳಿಯುವಷ್ಟು ಆಳ ತೆಗೆಯಬೇಕು. ಇಲ್ಲದಿದ್ದರೆ ಒತ್ತಿದ ಶೇಡಿಯ ಮೇಲೆ ನೀರು ನಿಂತು ಬೇರು ಕೊಳೆಯುತ್ತದೆ.

ಪರೀಕ್ಷೆಗೆ ಮಣ್ಣು ಕೊಡುವಾಗಲೂ ಇಳಿಜಾರನ್ನು ಮರೆಯಬಾರದು. 2015ರ ಫೆಬ್ರವರಿಯಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ರಸಸಾರ, ಸಾವಯವ ಇಂಗಾಲದಿಂದ ಹಿಡಿದು ಸತು, ಬೋರಾನ್‌ವರೆಗೆ 12 ಅಂಶಗಳನ್ನು ನೋಡುತ್ತಾರೆ. ಬೆಟ್ಟು, ಮಜಲು, ಬೈಲುಗಳ ಮಣ್ಣನ್ನು ಒಂದೇ ಚೀಲಕ್ಕೆ ಸೇರಿಸಿ ಕೊಟ್ಟರೆ ಬರುವ ಅಂಕೆ ಮೂರರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಪ್ರತಿಯೊಂದಕ್ಕೂ ಬೇರೆ ಚೀಲ ಇರಲಿ. ಒಂದೊಂದು ಭಾಗದಲ್ಲಿ ಎಂಟು ಹತ್ತು ಕಡೆ ಮೇಲಿನ ಕಸ ಸರಿಸಿ, ಗದ್ದೆ ತರಕಾರಿಗೆ 15 ಸೆಂ.ಮೀ., ಅಡಿಕೆ ತೆಂಗಿಗೆ ಅದಕ್ಕಿಂತ ಆಳ ತೋಡಿ, ಗುಂಡಿಯ ಗೋಡೆಯಿಂದ ಮೇಲಿನಿಂದ ಕೆಳಗೆ ಒಂದೇ ದಪ್ಪದ ಸೀಳು ತೆಗೆಯಬೇಕು. ಹಟ್ಟಿಗೊಬ್ಬರದ ರಾಶಿಯ ಬಳಿ, ಹುಣಿಯ (ಗದ್ದೆಯ ಬದುವಿನ) ಮೇಲೆ, ಈಚೆಗೆ ಗೊಬ್ಬರ ಕೊಟ್ಟ ಬುಡದಲ್ಲಿ ತೆಗೆಯಬಾರದು. ಕಲಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಟ್ಟು, ಅರ್ಧ ಕಿಲೋ ಉಳಿಯುವ ತನಕ ಹಾಗೇ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಕಬ್ಬಿಣ, ಸತುವಿನಂಥ ಲಘು ಪೋಷಕಾಂಶಗಳ ಲೆಕ್ಕ ಬೇಕಿದ್ದರೆ ತುಕ್ಕು ಹಿಡಿದ ಹಾರೆಯಿಂದ ಕೆರೆಯಬೇಡಿ, ಮರದ ತುಂಡು ಬಳಸಿ. ತೋಟಕ್ಕೆ ವರ್ಷಗಳಿಂದ ಬೋರ್ಡೋ ದ್ರಾವಣ (ಮೈಲುತುತ್ತು, ಸುಣ್ಣದ ಮಿಶ್ರಣ) ಹೊಡೆಯುತ್ತಿದ್ದರೆ ಅದನ್ನೂ ಚೀಟಿಯಲ್ಲಿ ಬರೆಯಿರಿ. ಮೈಲುತುತ್ತಿನ ತಾಮ್ರ ಮೇಲ್ಮಣ್ಣಿನಲ್ಲಿ ಉಳಿದುಕೊಂಡಿರುತ್ತದೆ, ಅಂಕೆ ನೋಡುವವರಿಗೆ ಅದು ಗೊತ್ತಿರಬೇಕು.